ಬೆಳಗಾವಿಯ ಕಾರ್ಖಾನೆಯಲ್ಲಿ ಎಚ್‌ಆರ್ ಮ್ಯಾನೇಜರ್ ಕೆಲಸ: ಹಾಜರಿಯಿಂದ ಅಂತಿಮ ಲೆಕ್ಕದವರೆಗೆ ಸಮಗ್ರ ಮಾರ್ಗದರ್ಶಿ

ಉದ್ಯಮಬಾಗ, ಮಚ್ಛೆ, ಹೊನಗಾ, ಕಣಬರ್ಗಿ. ಬೆಳಗಾವಿಯ ಈ ಕೈಗಾರಿಕಾ ಪ್ರದೇಶಗಳಲ್ಲಿ ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಮತ್ತು ಮಷೀನ್ ಶಾಪ್‌ಗಳೇ ಹೆಚ್ಚು. ನೂರು, ನೂರೈವತ್ತು ಜನ ದುಡಿಯುವ ಇಂಥ ಕಾರ್ಖಾನೆಯಲ್ಲಿ ಎಚ್‌ಆರ್ ವಿಭಾಗ ಅಂದರೆ ಒಬ್ಬ ಮ್ಯಾನೇಜರ್, ಟೈಮ್ ಆಫೀಸಿನಲ್ಲಿ ಒಬ್ಬ ಕ್ಲಾರ್ಕ್. ಎಂಬಿಎ ಇಲ್ಲವೇ ಎಂ.ಎಸ್.ಡಬ್ಲ್ಯು. ಮುಗಿಸಿ ಬಂದವರಿಗೆ ನೇಮಕಾತಿ, ತರಬೇತಿ, ಕಾರ್ಯಕ್ಷಮತೆಯ ಮೌಲ್ಯಮಾಪನ ಎಲ್ಲ ಗೊತ್ತಿರುತ್ತದೆ. ಆದರೆ ಮೊದಲ ತಿಂಗಳೇ ಬಾಗಿಲಿಗೆ ಬರುವ ಪ್ರಶ್ನೆ ಬೇರೆ: "ಸರ, ನಂದು ಎರಡು ಓಟಿ ಬಿಟ್ಟಾವ್ರಿ, ಪಗಾರದಾಗ ಬಂದಿಲ್ರಿ."

ಓಟಿ ಎಂದರೆ ಪಾಳಿ ಮೀರಿ ದುಡಿದ ಓವರ್‌ಟೈಮ್. ಈ ಮಾರ್ಗದರ್ಶಿ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಹಾಜರಿ ಪುಸ್ತಕ, ಪಗಾರದ ಪಟ್ಟಿ, ಪಿಎಫ್ (ಭವಿಷ್ಯ ನಿಧಿ) ಚಲನ್ ಈ ಮೂರೂ ಒಂದಕ್ಕೊಂದು ತಾಳೆಯಾಗದ ಕಾರ್ಖಾನೆಯಲ್ಲಿ ಎಚ್‌ಆರ್ ಮಾಡುವ ಬೇರಾವ ಕೆಲಸಕ್ಕೂ ಕಾರ್ಮಿಕರು ಕಿವಿಗೊಡುವುದಿಲ್ಲ. ಆದ್ದರಿಂದ ಇಲ್ಲಿನ ಕ್ರಮ ಪಠ್ಯಪುಸ್ತಕದ ಕ್ರಮವಲ್ಲ. ನೇಮಕಾತಿ ನಾಲ್ಕನೇ ಹಂತಕ್ಕೆ ಬರುತ್ತದೆ.

ಕಾನೂನಿನ ಬಗ್ಗೆ ಮೊದಲೇ ಒಂದು ಮಾತು. 2025ರ ನವೆಂಬರ್ 21ರಂದು ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಎಂಬ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವು ಹಳೆಯ 29 ಕೇಂದ್ರ ಕಾಯ್ದೆಗಳ ಜಾಗಕ್ಕೆ ಬಂದಿವೆ. ನಿಮ್ಮ ಕಡತದಲ್ಲಿ ಇನ್ನೂ ಹಳೆಯ ಕಾಯ್ದೆಯ ಹೆಸರಿರುವ ನಮೂನೆಗಳು ಇದ್ದೇ ಇರುತ್ತವೆ, ಗಾಬರಿ ಬೇಡ. ವೃತ್ತಿ ತೆರಿಗೆ, ಹಬ್ಬದ ರಜೆಯಂಥ ರಾಜ್ಯದ ಕಾಯ್ದೆಗಳು ಇವುಗಳಿಂದ ಬೇರೆ.

ಹಂತ 1: ಮೊದಲ ವಾರ ಮೂರು ಸಂಖ್ಯೆ ಹಿಡಿಯಿರಿ

ಸೇರಿದ ವಾರದಲ್ಲೇ ಒಂದು ದಿನ ಬೆಳಗ್ಗೆ 6ರ ಪಾಳಿಗೆ ಗೇಟಿನಲ್ಲಿ ನಿಂತು ತಲೆ ಎಣಿಸಿ. ಮಧ್ಯಾಹ್ನ 2ಕ್ಕೆ, ರಾತ್ರಿ 10ಕ್ಕೆ ಮತ್ತೆ ಎಣಿಸಿ. ಅದೇ ದಿನದ ಮಸ್ಟರ್, ಅಂದರೆ ಹಾಜರಿ ಪುಸ್ತಕ, ತೆಗೆದು ನೋಡಿ. ಆಮೇಲೆ ಹಿಂದಿನ ತಿಂಗಳ ಪಿಎಫ್ ಇಸಿಆರ್‌ನಲ್ಲಿ (ಯಾರ ಹೆಸರಿಗೆ ಪಿಎಫ್ ಕಟ್ಟಿದೆ ಎಂಬ ಆನ್‌ಲೈನ್ ಪಟ್ಟಿ) ಎಷ್ಟು ಹೆಸರಿವೆ ನೋಡಿ.

ಗೇಟಿನಲ್ಲಿ 112, ಮಸ್ಟರಿನಲ್ಲಿ 104, ಇಸಿಆರ್‌ನಲ್ಲಿ 96 ಸಿಕ್ಕಿತು ಅಂದುಕೊಳ್ಳಿ. ಮೊದಲ ಎಂಟರ ವ್ಯತ್ಯಾಸ ಸಾಮಾನ್ಯವಾಗಿ ಗುತ್ತಿಗೆದಾರನ ಜನ. ಎರಡನೇ ಎಂಟು ಅಪಾಯದ್ದು. "ಮೂರು ತಿಂಗಳು ಟ್ರಯಲ್, ಆಮೇಲೆ ಪಿಎಫ್" ಎಂಬ ರೂಢಿ ಅನೇಕ ಕಡೆ ಬೇರೂರಿದೆ, ಕಾನೂನಿನಲ್ಲಿ ಅಂಥ ರಿಯಾಯಿತಿ ಎಲ್ಲಿಯೂ ಇಲ್ಲ. ಪಿಎಫ್ ಅನ್ವಯಿಸುವ ಕಾರ್ಮಿಕನಿಗೆ ಕೆಲಸಕ್ಕೆ ಬಂದ ದಿನದಿಂದಲೇ ಕಟ್ಟಬೇಕು. ತಿಂಗಳಿಗೆ 15,000 ರೂ. ವೇತನದ ಒಬ್ಬರನ್ನು ಮೂರು ತಿಂಗಳು ಬಿಟ್ಟರೆ ಎರಡೂ ಪಾಲು ಸೇರಿ 10,800 ರೂ. ಬಾಕಿ. ಅದರ ಮೇಲೆ ವರ್ಷಕ್ಕೆ ಶೇ. 12 ಬಡ್ಡಿ, ಜೊತೆಗೆ ದಂಡ. ಬಿಟ್ಟುಹೋದ ತಿಂಗಳುಗಳ ಕಾರ್ಮಿಕರ ಪಾಲನ್ನು ಮುಂದಿನ ಪಗಾರದಲ್ಲಿ ಮುರಿದುಕೊಳ್ಳಲಿಕ್ಕೂ ಬರುವುದಿಲ್ಲ, ಅದೂ ಮಾಲಕರ ಮೈಮೇಲೆ ಬೀಳುತ್ತದೆ.

ಈ ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಹೆಸರುಸಹಿತ ಬರೆದು ಮಾಲಕರ ಮುಂದಿಡಿ. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ನಾಳೆ ತಪಾಸಣೆ ಬಂದಾಗ ಮೊದಲ ಪ್ರಶ್ನೆ ನಿಮಗೇ.

ಹಂತ 2: ಹಾಜರಿ

ಹೆಚ್ಚಿನ ತಕರಾರು ಹುಟ್ಟುವುದು ರಾತ್ರಿ ಪಾಳಿಯಲ್ಲಿ. ಸೋಮವಾರ ರಾತ್ರಿ 10ಕ್ಕೆ ಬಂದವರು ಮಂಗಳವಾರ ಬೆಳಗ್ಗೆ 6ಕ್ಕೆ ಹೊರಡುತ್ತಾರೆ. ಪಂಚಿಂಗ್ ಮಷೀನಿನ ಲೆಕ್ಕದಲ್ಲಿ ದಿನ ನಡುರಾತ್ರಿಗೆ ಮುಗಿಯುವಂತಿದ್ದರೆ ಸೋಮವಾರ ಬರೀ ಒಳಗೆ ಬಂದ ಗುರುತು, ಮಂಗಳವಾರ ಬರೀ ಹೊರಗೆ ಹೋದ ಗುರುತು ಉಳಿಯುತ್ತದೆ. ಎರಡು ದಿನವೂ ಗೈರು! ಸಾಫ್ಟ್‌ವೇರಿನಲ್ಲಿ ದಿನದ ಗಡಿಯನ್ನು ಪಾಳಿಗೆ ತಕ್ಕಂತೆ ಬದಲಿಸಿಕೊಳ್ಳಿ, ರಾತ್ರಿ ಪಾಳಿಯ ಹಾಜರಿ ಪಾಳಿ ಶುರುವಾದ ತಾರೀಕಿಗೇ ಸೇರಬೇಕು. ಓಟಿ ಮಾಡಿ 8 ಗಂಟೆಯವರೆಗೆ ನಿಂತವರ ಗುರುತೂ ಅದೇ ದಿನಕ್ಕೆ ಹೋಗುತ್ತದೆಯೇ ಎಂದು ಒಬ್ಬರ ಹೆಸರಿನಲ್ಲಿ ಪರೀಕ್ಷಿಸಿ ನೋಡಿ.

ಎರಡನೆಯ ತೊಂದರೆ ಬೆರಳಚ್ಚಿನದು. ಮರಳಿನ ಅಚ್ಚು ಮಾಡುವ ಮೋಲ್ಡಿಂಗ್‌ನಲ್ಲಿ ಮರಳು ತಿಕ್ಕಿ, ಎರಕದ ಅಂಚು ತಿಕ್ಕಿ ತೆಗೆಯುವ ಫೆಟ್ಲಿಂಗ್‌ನಲ್ಲಿ ಗ್ರೈಂಡರ್ ಹಿಡಿದು ಬೆರಳಿನ ಗೆರೆಗಳು ಸವೆದಿರುತ್ತವೆ. ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿಯೂ ಇದೇ ಗೋಳು. ಮಷೀನು ಗುರುತು ಹಿಡಿಯದೆ ಕಾರ್ಮಿಕರು ಸರದಿಯಲ್ಲಿ ಹತ್ತು ನಿಮಿಷ ನಿಂತು, ತಡವಾಗಿ ಬಂದರೆಂದು ಅರ್ಧ ದಿನ ಮುರಿಸಿಕೊಳ್ಳುವುದು ಅನ್ಯಾಯ. ಮುಖ ಗುರುತಿಸುವ ಮಷೀನು ಹಾಕಿಸಿ. ಅದಾಗುವವರೆಗೆ ಎರಡೂ ಕೈಯ ಎರಡೆರಡು ಬೆರಳು ದಾಖಲಿಸಿ, ಗೇಟಿನಲ್ಲಿ ಕೈಬರಹದ ಪುಸ್ತಕವನ್ನೂ ಇಡಿ.

ಪ್ರತಿದಿನ ಬೆಳಗ್ಗೆ 10ರೊಳಗೆ ಹಿಂದಿನ ದಿನದ ಬಿಟ್ಟುಹೋದ ಪಂಚ್‌ಗಳ ಪಟ್ಟಿ ಸೂಪರ್‌ವೈಸರ್ ಕೈಗೆ ಹೋಗಬೇಕು, ಸಂಜೆಯೊಳಗೆ ಸಹಿಯಾಗಿ ತಿರುಗಿ ಬರಬೇಕು. ತಿಂಗಳ ಕೊನೆಗೆ ಒಟ್ಟಿಗೆ ಕೇಳಿದರೆ "ಆ ದಿನಾ ಯಾರ್ ಇದ್ರು, ಯಾರ್ ಇರಲಿಲ್ಲ, ನೆನಪಿಲ್ರಿ" ಎನ್ನುವ ಉತ್ತರವೇ ಸಿಗುತ್ತದೆ, ಅದು ಸುಳ್ಳೂ ಅಲ್ಲ. ಓಟಿಗೂ ಇದೇ ನಿಯಮ. ಓಟಿ ಚೀಟಿ ಕೆಲಸ ಶುರುವಾಗುವ ಮೊದಲು ಬರೆಯಬೇಕು, ಮುಗಿದ ಮೇಲಲ್ಲ.

ಹಂತ 3: ಪಗಾರ

ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಅದಕ್ಕೆ ಹಿಂದಿನಿಂದ ಲೆಕ್ಕ ಹಾಕಿ. 1ನೇ ತಾರೀಕು ಸಂಜೆಗೆ ಹಾಜರಿ ಬಂದ್. 2ಕ್ಕೆ ವಿಭಾಗವಾರು ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಯಾರ ದಿನ ಕಡಿಮೆ ಬಿದ್ದಿದೆಯೋ ಅವರು 3ರೊಳಗೆ ಬಂದು ಹೇಳಲಿ. ಈ ಒಂದು ದಿನದ ಅಂಟಿಸುವಿಕೆ ಪಗಾರದ ನಂತರದ ಜಗಳವನ್ನು ಬಹುಪಾಲು ನಿಲ್ಲಿಸುತ್ತದೆ. 4ಕ್ಕೆ ಲೆಕ್ಕ, 5ಕ್ಕೆ ಅಕೌಂಟ್ಸ್‌ನವರ ಪರಿಶೀಲನೆ, 6ಕ್ಕೆ ಬ್ಯಾಂಕಿಗೆ. 6 ಅಥವಾ 7 ಭಾನುವಾರ, ಹಬ್ಬ ಆಗಿದ್ದರೆ ಎಲ್ಲವನ್ನೂ ಒಂದು ದಿನ ಮೊದಲೇ ಮುಗಿಸಿಕೊಳ್ಳಿ.

ಒಬ್ಬರ ಲೆಕ್ಕ ಬಿಡಿಸಿ ನೋಡೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂ., ಬೇರೆ ಭತ್ಯೆ ಇಲ್ಲ ಅನ್ನಿ. ಅಂಕಿ ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ. ನಿಮ್ಮಲ್ಲಿ ಕೊಡುವ ವೇತನ ರಾಜ್ಯ ಸರ್ಕಾರದ ಕನಿಷ್ಠ ವೇತನ ಅಧಿಸೂಚನೆಗಿಂತ ಕಡಿಮೆ ಇರಕೂಡದು, ಮತ್ತು ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ ಎಂಬುದು ನೆನಪಿರಲಿ.

ಕಾರ್ಮಿಕರಿಂದ ಪಿಎಫ್ ಶೇ. 12, ಅಂದರೆ 1,800 ರೂ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಶೇ. 0.75, ಅಂದರೆ 112.50, ಮೇಲಿನ ರೂಪಾಯಿಗೆ ಏರಿಸಿ 113. ಕೈಗೆ ಬರುವುದು 13,087. ಮಾಲಕರ ಕಡೆಯಿಂದ ಪಿಎಫ್ 1,800, ಅದರಲ್ಲಿ 1,250 ಪಿಂಚಣಿ ಯೋಜನೆಗೆ, 550 ಪಿಎಫ್ ಖಾತೆಗೆ. ವಿಮೆಗೆ ಶೇ. 0.5, ಆಡಳಿತ ಶುಲ್ಕ ಶೇ. 0.5, ತಲಾ 75. ಇಎಸ್‌ಐ ಶೇ. 3.25, ಅಂದರೆ 488. ಕನಿಷ್ಠ ಬೋನಸ್ ಶೇ. 8.33ರಂತೆ ತಿಂಗಳಿಗೆ 1,250 ತೆಗೆದಿಡಿ. ಸೇವೆ ಮುಗಿದಾಗ ಕೊಡುವ ಗ್ರಾಚ್ಯುಟಿಗೆ 721. ವೇತನವೂ ಸೇರಿ ಒಟ್ಟು 19,409. ಇದರಲ್ಲಿ ಗಳಿಕೆ ರಜೆ, ಶೂ, ಯೂನಿಫಾರ್ಮ್ ಸೇರಿಲ್ಲ. "ಹದಿನೈದು ಸಾವಿರಕ್ಕೊಬ್ಬರನ್ನ ತಗೋರಿ" ಎಂದು ಪ್ರೊಡಕ್ಷನ್‌ನವರು ಕೇಳಿದಾಗ ಮಾಲಕರಿಗೆ ತೋರಿಸಬೇಕಾದ ಅಂಕಿ 19,409.

ಓಟಿಗೆ ಸಾಮಾನ್ಯ ದರದ ಎರಡು ಪಟ್ಟು. 15,000 ಭಾಗಿಸು 26 (ತಿಂಗಳ ಕೆಲಸದ ದಿನ), ಮತ್ತೆ ಭಾಗಿಸು 8 (ದಿನದ ಗಂಟೆ) ಮಾಡಿದರೆ ಗಂಟೆಗೆ 72.12, ಓಟಿ ಗಂಟೆಗೆ 144.23. ಎಂಟು ಗಂಟೆ ಓಟಿಯನ್ನು "ಒಂದು ಹಾಜರಿ" ಎಂದು ಬರೆದು ಒಂದು ಪಟ್ಟು ಕೊಡುವ ಪದ್ಧತಿ ಇದ್ದರೆ ನಿಲ್ಲಿಸಿ, ಅದು ಕಾನೂನಿಗೆ ವಿರುದ್ಧ.

ಭತ್ಯೆಗಳಲ್ಲಿ ಒಂದು ಎಚ್ಚರ. ಪಿಎಫ್ ಉಳಿಸಲು ಮೂಲ ವೇತನ ಸಣ್ಣದು ಮಾಡಿ ಭತ್ಯೆ ದೊಡ್ಡದು ಮಾಡುವ ಹಳೆಯ ಉಪಾಯ ಇನ್ನು ನಡೆಯುವುದಿಲ್ಲ. ಹೊಸ ಸಂಹಿತೆಯ ಪ್ರಕಾರ ವೇತನದಿಂದ ಹೊರಗಿಡುವ ಭತ್ಯೆಗಳ ಮೊತ್ತ ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ.

ಕಟ್ಟುವ ತಾರೀಕುಗಳು: ಪಿಎಫ್ ಮತ್ತು ಇಎಸ್‌ಐ 15ರೊಳಗೆ, ವೃತ್ತಿ ತೆರಿಗೆ 20ರೊಳಗೆ. ವೃತ್ತಿ ತೆರಿಗೆ 25,000 ರೂ. ಮತ್ತು ಮೇಲಿನ ಸಂಬಳದವರಿಗೆ ಮಾತ್ರ, ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಪಿಎಫ್ ಒಂದು ದಿನ ತಡವಾದರೂ ಕಾರ್ಮಿಕರಿಂದ ಮುರಿದ ಪಾಲು ಆದಾಯ ತೆರಿಗೆಯಲ್ಲಿ ಕಂಪನಿಯ ಖರ್ಚಾಗಿ ಸಿಗದು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತ್ತು. ಈಗಿನ ನಿಯಮ ಏನೆಂದು ಅಕೌಂಟ್ಸ್‌ನವರನ್ನು ಕೇಳಿಕೊಂಡು ಮಾಲಕರಿಗೆ ಹೇಳಿ.

ಇಎಸ್‌ಐ ಮಿತಿ 21,000 ರೂ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಿವೆ. ಜೂನ್‌ನಲ್ಲಿ ಸಂಬಳ ಏರಿ ಮಿತಿ ದಾಟಿದರೂ ಸೆಪ್ಟೆಂಬರ್ ಕೊನೆಯವರೆಗೆ ಮುರಿಯಲೇಬೇಕು. ಏರಿಕೆಯಾದ ತಿಂಗಳೇ ನಿಲ್ಲಿಸಿಬಿಡುವುದು ಬಹಳ ಕಡೆ ಆಗುವ ತಪ್ಪು. ಅದರ ಪೆಟ್ಟು ಬೀಳುವುದು ಆ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ.

ಹಂತ 4: ನೇಮಕಾತಿ

ಬೇಡಿಕೆ ಬರೆದು ತರಿಸಿ: ಯಾವ ಮಷೀನು, ಯಾವ ಪಾಳಿ, ಯಾರ ಬದಲಿಗೆ, ಎಂದಿನಿಂದ. "ಇಬ್ಬರು ಹೆಲ್ಪರ್ ಬೇಕು" ಎಂಬುದು ಬೇಡಿಕೆಯಲ್ಲ.

ಜನ ಸಿಗುವ ಮೂಲಗಳಲ್ಲಿ ಐಟಿಐ ಮತ್ತು ಅಪ್ರೆಂಟಿಸ್ ದಾರಿಯೇ ಗಟ್ಟಿ. 30 ಮತ್ತು ಹೆಚ್ಚು ಜನರಿರುವ ಸಂಸ್ಥೆ ಒಟ್ಟು ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಇದನ್ನು ಹೊರೆ ಎಂದು ನೋಡದೆ ಒಂದು ವರ್ಷದ ಪರೀಕ್ಷೆ ಎಂದು ನೋಡಿ, ಅಪ್ರೆಂಟಿಸ್ ಮುಗಿಸಿದವರು ಯಾರು ಹೇಗೆ ಎಂದು ಸೂಪರ್‌ವೈಸರ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಂದು ಮೂಲ ಈಗಿರುವ ಕಾರ್ಮಿಕರ ಊರಿನವರು. ಒಳ್ಳೆಯದೇ, ಆದರೆ ಒಂದೇ ಊರಿನ ಹತ್ತು ಜನ ಒಂದೇ ಪಾಳಿಯಲ್ಲಿದ್ದರೆ ಆ ಊರ ಜಾತ್ರೆಯ ದಿನ ನಿಮ್ಮ ಫರ್ನೆಸ್ ನಿಲ್ಲುತ್ತದೆ. ಹಂಚಿ ಹಾಕಿ.

ಸಂದರ್ಶನಕ್ಕಿಂತ ಕೈಕೆಲಸದ ಪರೀಕ್ಷೆ ಹೆಚ್ಚು ಹೇಳುತ್ತದೆ. ಟರ್ನರ್‌ಗೆ (ಲೇತ್ ಮಷೀನು ನಡೆಸುವವರಿಗೆ) 40 ಮಿ.ಮೀ. ವ್ಯಾಸದ ಮೈಲ್ಡ್ ಸ್ಟೀಲ್ ಸರಳು ಕೊಟ್ಟು, 60 ಮಿ.ಮೀ. ಉದ್ದಕ್ಕೆ 38 ಮಿ.ಮೀ.ಗೆ ಇಳಿಸಲು ಹೇಳಿ, 0.05 ಮಿ.ಮೀ. ಹೆಚ್ಚುಕಡಿಮೆ ನಡೆಯಲಿ, 45 ನಿಮಿಷ ಸಮಯ. ಕೊನೆಯ ಅಳತೆ ಎಷ್ಟು ಬಂತು ಎಂಬುದಕ್ಕಿಂತ ಯಾವಾಗ ಅಳೆದರು ನೋಡಿ. ಸರಳು ಬಿಸಿಯಿದ್ದಾಗಲೇ ಮೈಕ್ರೋಮೀಟರ್ ಹಚ್ಚಿದರೆ, 60 ಡಿಗ್ರಿ ಹೆಚ್ಚಿನ ಬಿಸಿಯಲ್ಲಿ ಅದು ಸುಮಾರು 0.025 ಮಿ.ಮೀ. ಹಿಗ್ಗಿರುತ್ತದೆ, ಅಂದರೆ ಬಿಟ್ಟುಕೊಟ್ಟ ಅಳತೆಯ ಅರ್ಧ ಅಲ್ಲೇ ಹೋಯಿತು. ಆರಲು ಬಿಟ್ಟು ಅಳೆಯುವವರು ಕಲಿತವರು. ಅಂಕ ಹಾಕುವ ಕೆಲಸ ಮಷೀನ್ ಶಾಪ್ ಇನ್‌ಚಾರ್ಜ್ ಮಾಡಲಿ. ನೀವು ಮಾಡಬೇಕಾದದ್ದು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಸರಳು, ಒಂದೇ ಸಮಯ ಸಿಕ್ಕಿತೇ ಎಂದು ನೋಡುವುದು.

ಇನ್ನು ಕಾಗದಪತ್ರ. ಇಲ್ಲಿ ಹೆಸರೇ ದೊಡ್ಡ ತಲೆನೋವು. ಆಧಾರ್‌ನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತಂದೆಯ ಹೆಸರೇ ಇಲ್ಲ. ಬಸವರಾಜ ಎಂಬ ಒಂದು ಹೆಸರನ್ನೇ ಇಂಗ್ಲಿಷಿನಲ್ಲಿ ವಿ ಅಕ್ಷರದಿಂದಲೂ ಡಬ್ಲ್ಯು ಅಕ್ಷರದಿಂದಲೂ ಬರೆಯುತ್ತಾರೆ. ಯುಎಎನ್‌ಗೆ, ಅಂದರೆ ಕಾರ್ಮಿಕರ ಕಾಯಂ ಪಿಎಫ್ ಸಂಖ್ಯೆಗೆ, ಆಧಾರ್‌ನ ಹೆಸರು, ಜನ್ಮದಿನಾಂಕ ಅಕ್ಷರ ಅಕ್ಷರವೂ ಹೊಂದಬೇಕು. ಸೇರುವ ದಿನವೇ ಆಧಾರ್, ಪಾನ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ, ವ್ಯತ್ಯಾಸ ಕಂಡರೆ ಆಗಲೇ ತಿದ್ದಿಸಲು ಕಳಿಸಿ. ಹತ್ತು ವರ್ಷದ ನಂತರ ಹಣ ತೆಗೆಯಲು ಹೋದಾಗ ಇದೇ ಅಕ್ಷರ ಅಡ್ಡ ಬರುತ್ತದೆ. ಮೊದಲೇ ಯುಎಎನ್ ಇದ್ದರೆ ಅದನ್ನೇ ಮುಂದುವರಿಸಿ, ಹೊಸದು ಮಾಡಬೇಡಿ, ಹಳೆಯ ಕಂಪನಿ ಬಿಟ್ಟ ದಿನಾಂಕ ಹಾಕಿದೆಯೇ ನೋಡಿ. ನಾಮಿನಿಯನ್ನೂ ಅವತ್ತೇ ಆನ್‌ಲೈನ್‌ನಲ್ಲಿ ತುಂಬಿಸಿ. ಮದುವೆಯಾದ ಮೇಲೆ ಹಳೆಯ ನಾಮನಿರ್ದೇಶನ ನಿಲ್ಲುವುದಿಲ್ಲ, ಮತ್ತೆ ತುಂಬಿಸಬೇಕು.

ಹಂತ 5: ನೇಮಕಾತಿ ಪತ್ರ ಮತ್ತು ಮೊದಲ ಮೂರು ದಿನ

ನೇಮಕಾತಿ ಪತ್ರ ಈಗ ಎಲ್ಲ ಕಾರ್ಮಿಕರಿಗೂ ಕಡ್ಡಾಯ. ಹುದ್ದೆ, ಸೇರಿದ ದಿನಾಂಕ, ವೇತನದ ಪ್ರತಿ ಅಂಗ, ಪ್ರೊಬೇಷನ್ ಎಷ್ಟು ತಿಂಗಳು, ಪಾಳಿ, ವಾರದ ರಜೆ, ನೋಟಿಸ್ ಅವಧಿ ಇಷ್ಟು ಸ್ಪಷ್ಟವಾಗಿರಲಿ. ನಿಗದಿತ ಅವಧಿಯ ನೇಮಕವಾದರೆ ಕೊನೆಯ ದಿನಾಂಕ ಬರೆಯಿರಿ. ಅಂಥವರಿಗೆ ಒಂದು ವರ್ಷ ತುಂಬಿದರೆ ಗ್ರಾಚ್ಯುಟಿ ಹಕ್ಕು ಬರುತ್ತದೆ, ಐದು ವರ್ಷ ಕಾಯಬೇಕಿಲ್ಲ. ಪತ್ರ ಕನ್ನಡದಲ್ಲಿರಲಿ. ಬೆಳಗಾವಿಯಲ್ಲಿ ಮರಾಠಿ ಮನೆಮಾತಿನವರು ಬಹಳ ಜನ, ಅವರಿಗೆ ಮರಾಠಿಯಲ್ಲೇ ಕೂತು ಓದಿ ಹೇಳಿ. ತಿಳಿಯದೆ ಹಾಕಿದ ಸಹಿ ವಿವಾದದ ಹೊತ್ತಿಗೆ ಯಾರನ್ನೂ ಕಾಯುವುದಿಲ್ಲ.

ಮೊದಲ ದಿನ ಇಎಸ್‌ಐ ನೋಂದಣಿ. ಹತ್ತು ದಿನದ ಗಡುವಿದೆ ಎಂದು ಒಂಬತ್ತನೇ ದಿನದವರೆಗೆ ಇಟ್ಟುಕೊಳ್ಳಬೇಡಿ. ಸೇರಿದ ಮೂರನೇ ದಿನ ಅಪಘಾತವಾಗಿ ನಾಲ್ಕನೇ ದಿನ ನೋಂದಣಿ ಮಾಡಿದರೆ ಕಚೇರಿ ಅನುಮಾನದಿಂದಲೇ ನೋಡುತ್ತದೆ, ಗಾಯಗೊಂಡವರ ಸೌಲಭ್ಯ ಎಳೆದಾಟಕ್ಕೆ ಬೀಳುತ್ತದೆ.

ಎರಡು, ಮೂರನೇ ದಿನ ಸುರಕ್ಷತೆ. ಇದು ಸೇಫ್ಟಿಯವರ ಕೆಲಸ ಎಂದು ಕೈ ತೊಳೆದುಕೊಳ್ಳಬೇಡಿ. ಫೌಂಡ್ರಿಯಲ್ಲಿ ಒದ್ದೆ ಸ್ಕ್ರ್ಯಾಪು ಕರಗಿದ ಲೋಹಕ್ಕೆ ಬಿದ್ದರೆ ಒಳಗೆ ಸಿಕ್ಕ ನೀರು ಒಮ್ಮೆಲೇ ಉಗಿಯಾಗಿ ಲೋಹವನ್ನೇ ಹೊರಗೆ ಎರಚುತ್ತದೆ. ಮಳೆಗಾಲದಲ್ಲಿ ಬಯಲಲ್ಲಿ ಬಿದ್ದ ಸ್ಕ್ರ್ಯಾಪು ಒಣಗಿಸದೆ ಹಾಕಬಾರದು ಎಂಬುದಕ್ಕೆ ಈ ಕಾರಣ ಸಮೇತ ಹೇಳಿ. ಲೇತ್, ಡ್ರಿಲ್ ಮುಂದೆ ಕೈಗವಸು ಹಾಕಬಾರದು, ತಿರುಗುವ ಭಾಗ ಅದನ್ನು ಹಿಡಿದೆಳೆಯುತ್ತದೆ. ಫೆಟ್ಲಿಂಗ್‌ನಲ್ಲಿ ಹಾಕಲೇಬೇಕು. ಹೆಗಲ ಮೇಲಿನ ಟಾವೆಲ್, ಕೊರಳಿನ ದಾರ, ಕೈಗೆ ಕಟ್ಟಿದ ದೇವರ ದಾರ ಮಷೀನಿನ ಹತ್ತಿರ ಬೇಡ. ದೇವರ ದಾರದ ವಿಷಯವನ್ನು ಗದರಿಸಿ ಹೇಳಿದರೆ ಕೇಳುವುದಿಲ್ಲ. ಹಿರಿಯ ಕಾರ್ಮಿಕರೊಬ್ಬರಿಂದ ಹೇಳಿಸಿ.

ಹಂತ 6: ರಜೆ, ಹಬ್ಬ, ಜಾತ್ರೆ

ಕರ್ನಾಟಕದ 1963ರ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ ರಜೆ. ಇವುಗಳ ಮೇಲೆ ಐದು ಹಬ್ಬದ ರಜೆ. ಈ ಐದನ್ನು ಆರಿಸುವುದರಲ್ಲಿ ಎಚ್‌ಆರ್ ಊರನ್ನು ಎಷ್ಟು ಬಲ್ಲರು ಎಂಬುದು ಗೊತ್ತಾಗುತ್ತದೆ.

ಬೆಂಗಳೂರಿನ ಪಟ್ಟಿಯನ್ನು ಇಲ್ಲಿ ಅಂಟಿಸಿದರೆ ಆಗದು. ಗಣೇಶ ಚೌತಿ ಬೆಳಗಾವಿಯಲ್ಲಿ ಒಂದು ದಿನದ ಹಬ್ಬವಲ್ಲ. ಅನಂತ ಚತುರ್ದಶಿಯ ವಿಸರ್ಜನೆ ರಾತ್ರಿಯಿಡೀ ನಡೆದು ಮರುದಿನದವರೆಗೂ ಹೋಗುತ್ತದೆ, ಮರುದಿನದ ಬೆಳಗಿನ ಪಾಳಿ ತುಂಬುವುದಿಲ್ಲ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಮಹಾನವಮಿಯ ಖಂಡೇ ಪೂಜೆ, ದೀಪಾವಳಿ, ರಂಜಾನ್, ಯುಗಾದಿ ಇವೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ರೈತ ಮನೆತನದ ಕಾರ್ಮಿಕರು ಬಿಡುವುದಿಲ್ಲ. ಸವದತ್ತಿ ಎಲ್ಲಮ್ಮ, ಚಿಂಚಲಿ ಮಾಯಕ್ಕ, ಬಾದಾಮಿ ಹತ್ತಿರದ ಬನಶಂಕರಿ, ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಬೇರೆ.

ಹೀಗೆ ಮಾಡಿ. ಡಿಸೆಂಬರ್‌ನಲ್ಲಿ ಪ್ರತಿ ಕಾರ್ಮಿಕರಿಂದ ಒಂದು ಸಾಲು ಬರೆಸಿಕೊಳ್ಳಿ: ಊರು, ಊರ ಜಾತ್ರೆಯ ತಿಥಿ, ಹೊಲ ಇದೆಯೇ, ಬಿತ್ತನೆ ಮುಂಗಾರಿಗೋ ಹಿಂಗಾರಿಗೋ. ಪಂಚಾಂಗ ಇಟ್ಟುಕೊಂಡು ತಿಥಿಗಳನ್ನು ತಾರೀಕಿಗೆ ತಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜೂನ್‌ನಲ್ಲಿ ಬೆಳಗಾವಿ ಸುತ್ತಿನ ಬಿತ್ತನೆ, ಅಕ್ಟೋಬರ್ ಸುಮಾರಿಗೆ ವಿಜಯಪುರ ಕಡೆಯವರ ಬಿಳಿಜೋಳದ ಬಿತ್ತನೆ, ನವೆಂಬರ್‌ನಿಂದ ಕಬ್ಬಿನ ಹಂಗಾಮು, ಎಲ್ಲಿ ಗೈರು ಹೆಚ್ಚುತ್ತದೆ ಎಂದು ಮೊದಲೇ ಕಾಣುತ್ತದೆ. ಫರ್ನೆಸ್‌ನ ಲೈನಿಂಗ್ ಬದಲಾವಣೆ, ಮೇಂಟೆನೆನ್ಸ್ ಶಟ್‌ಡೌನ್‌ಗಳನ್ನು ಆ ದಿನಗಳಿಗೇ ಹಾಕಿಸಿ. "ಊರಾಗ ಜಾತ್ರಿ ಐತ್ರಿ" ಎಂದು ಹೇಳಿ ಹೋಗುವ ಕಾರ್ಮಿಕರು ಹೇಳದೆ ಹೋಗುವವರಿಗಿಂತ ಎಷ್ಟೋ ಮೇಲು. ಹೇಳಿದವರಿಗೆ ರಜೆ ಸಿಗುತ್ತದೆ ಎಂಬ ಭರವಸೆ ಬಂದ ಮೇಲೆ ಮಾತ್ರ ಜನ ಹೇಳತೊಡಗುತ್ತಾರೆ.

ಗಳಿಕೆ ರಜೆಗೆ ಹೊಸ ಸಂಹಿತೆಯಲ್ಲಿ ವರ್ಷಕ್ಕೆ 180 ದಿನ ದುಡಿದಿದ್ದರೆ ಸಾಕು, ಮೊದಲು 240 ಇತ್ತು. 20 ದಿನಕ್ಕೆ ಒಂದರಂತೆ ಲೆಕ್ಕ. ಪಗಾರ ಚೀಟಿಯಲ್ಲಿ ಉಳಿದ ರಜೆ ತಿಂಗಳು ತಿಂಗಳು ಕಾಣಲಿ.

ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬೇರೆ. ಹಂಗಾಮು ಮುಗಿದ ಮೇಲೆ ಹಂಗಾಮಿ ಕಾರ್ಮಿಕರು ಮನೆಗೆ ಹೋಗುತ್ತಾರೆ, ಅವರಿಗೆ ಮುಂದಿನ ಹಂಗಾಮಿನವರೆಗೆ ಉಳಿಸಿಕೊಳ್ಳಲು ಕೊಡುವ ರಿಟೆನ್ಶನ್ ಭತ್ಯೆ ಇರುತ್ತದೆ. ಮುಂದಿನ ಹಂಗಾಮಿಗೆ ಯಾರನ್ನು ಯಾವ ಕ್ರಮದಲ್ಲಿ ಕರೆಯಬೇಕು ಎಂಬ ಹಿರಿತನದ ಪಟ್ಟಿಯನ್ನು ಗೇಟು ಮುಚ್ಚುವ ಮೊದಲೇ ಪ್ರಕಟಿಸಿ.

ಹಂತ 7: ಗುತ್ತಿಗೆದಾರನ ಜನ

ಬಿಲ್ ಪಾಸ್ ಮಾಡುವ ಮೊದಲು ಪ್ರತಿ ತಿಂಗಳು ನಾಲ್ಕು ಕಾಗದ ತರಿಸಿ: ಹಾಜರಿ, ಬ್ಯಾಂಕಿಗೆ ಪಗಾರ ಹೋದ ಪುರಾವೆ, ಹೆಸರುಗಳಿರುವ ಇಸಿಆರ್, ಇಎಸ್‌ಐ ವಂತಿಗೆ ಪಟ್ಟಿ. ಒಟ್ಟು ಮೊತ್ತ ನೋಡಿ ಸಹಿ ಮಾಡಬೇಡಿ, ನಿಮ್ಮ ಗೇಟಿನಲ್ಲಿ ಬಂದುಹೋದ ಹೆಸರುಗಳೇ ಅಲ್ಲಿವೆಯೇ ಎಂದು ಒಂದೊಂದಾಗಿ ಗುರುತು ಹಾಕಿ. ಒಂದೇ ಚಲನ್ ಅನ್ನು ಎರಡು ಕಾರ್ಖಾನೆಗೆ ತೋರಿಸುವವರಿದ್ದಾರೆ. ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮುಖ್ಯ ಮಾಲಕರದೇ.

ಹಂತ 8: ದೂರು ಮತ್ತು ಶಿಸ್ತು

20 ಮತ್ತು ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಸಮಿತಿ ಬೇಕು. ಮಾಲಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿ. ಬಹುಪಾಲು ದೂರುಗಳು ಪಗಾರ, ಕ್ಯಾಂಟೀನ್, ಶೂ, ಪಾಳಿ ಬದಲಾವಣೆಯ ಸುತ್ತಲೇ ಇರುತ್ತವೆ. ದೂರು ಬಂದ ದಿನ, ಉತ್ತರ ಕೊಟ್ಟ ದಿನ ಒಂದು ಪುಸ್ತಕದಲ್ಲಿ ಬರೆಯಿರಿ. "ಇಲ್ಲ" ಎಂಬ ಉತ್ತರವನ್ನೂ ಕಾರಣ ಸಹಿತ ಕೊಡಬೇಕು.

ಶಿಸ್ತು ಕ್ರಮದಲ್ಲಿ ಕಾರ್ಖಾನೆಗಳು ಸೋಲುವುದು ಕಾರ್ಮಿಕರು ನಿರಪರಾಧಿ ಎಂದಲ್ಲ, ಕ್ರಮ ತಪ್ಪಿತು ಎಂದು. ಸರಿಯಾದ ಕ್ರಮ ಹೀಗೆ. ಘಟನೆಯಾದ ದಿನವೇ ನೋಡಿದವರ ಹೇಳಿಕೆ ಅವರ ಮಾತಿನಲ್ಲೇ ಬರೆಸಿ ಸಹಿ ಪಡೆಯಿರಿ. ಆರೋಪ ಪತ್ರದಲ್ಲಿ ತಾರೀಕು, ಹೊತ್ತು, ಜಾಗ, ಏನು ಮಾಡಿದರು, ಯಾವ ನಿಯಮ ಮುರಿಯಿತು ಎಲ್ಲವೂ ಇರಲಿ. "ಅಸಭ್ಯ ವರ್ತನೆ" ಎಂದಷ್ಟೇ ಬರೆದರೆ ಅದು ಆರೋಪವೇ ಅಲ್ಲ. ಉತ್ತರಕ್ಕೆ ಸಮಯ ಕೊಡಿ. ಉತ್ತರ ತೃಪ್ತಿಕರವಲ್ಲದಿದ್ದರೆ ವಿಚಾರಣೆ. ದೂರು ಕೊಟ್ಟವರಾಗಲಿ ಸಾಕ್ಷಿಯಾಗಲಿ ವಿಚಾರಣಾಧಿಕಾರಿ ಆಗಬಾರದು. ಕಾರ್ಮಿಕರ ಭಾಷೆಯಲ್ಲಿ ನಡೆಯಬೇಕು, ಸಹೋದ್ಯೋಗಿಯೊಬ್ಬರ ನೆರವು, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ ಸಿಗಬೇಕು, ಪ್ರತಿ ಪುಟಕ್ಕೆ ಇಬ್ಬರ ಸಹಿ ಆಗಬೇಕು. ವರದಿಯ ಪ್ರತಿ ಕೊಟ್ಟು ಅದರ ಮೇಲೂ ಅವರ ಮಾತು ಕೇಳಿ, ಹಿಂದಿನ ಸೇವೆ ನೋಡಿ, ಆಮೇಲೆ ಶಿಕ್ಷೆ. ಅಮಾನತಿನಲ್ಲಿಟ್ಟರೆ ಮೊದಲ 90 ದಿನ ವೇತನದ ಶೇ. 50, ಆಮೇಲೆ, ವಿಚಾರಣೆ ತಡವಾದದ್ದಕ್ಕೆ ಕಾರ್ಮಿಕರೇ ಕಾರಣರಲ್ಲದಿದ್ದರೆ, ಶೇ. 75 ಜೀವನಾಧಾರ ಭತ್ಯೆ ಕೊಡಬೇಕು. ವಿಚಾರಣೆಯೂ ಸಾಮಾನ್ಯವಾಗಿ 90 ದಿನದಲ್ಲಿ ಮುಗಿಯಬೇಕು.

ತಿಂಗಳುಗಟ್ಟಲೆ ಬಾರದವರ ಹೆಸರನ್ನು ಮಸ್ಟರಿನಿಂದ ಸುಮ್ಮನೆ ಹೊಡೆದುಹಾಕುವುದು ಇಲ್ಲಿನ ದೊಡ್ಡ ತಪ್ಪು. ನಗರದ ಬಾಡಿಗೆ ಮನೆಯ ವಿಳಾಸ, ಊರಿನ ವಿಳಾಸ ಎರಡಕ್ಕೂ ಅಂಚೆಯಲ್ಲಿ ನೋಟಿಸ್ ಕಳಿಸಿ. ತಿರುಗಿ ಬಂದ ಲಕೋಟೆಯನ್ನು ಒಡೆಯದೆ ಹಾಗೇ ಕಡತದಲ್ಲಿಡಿ. ಅದಕ್ಕೂ ಮೊದಲು ಅದೇ ಊರಿನ ಕಾರ್ಮಿಕರೊಬ್ಬರಿಂದ ಫೋನ್ ಮಾಡಿಸಿ. ಕಾಯಿಲೆಯೋ ಸಾವೋ ಇರಬಹುದು.

ಹಂತ 9: ಮಹಿಳಾ ಕಾರ್ಮಿಕರು

ಕೋರ್ ಶಾಪ್, ತಪಾಸಣೆ, ಪ್ಯಾಕಿಂಗ್ ವಿಭಾಗಗಳಲ್ಲಿ ಮಹಿಳೆಯರು ದುಡಿಯುತ್ತಾರೆ. ಒಟ್ಟು 10 ಜನರಿದ್ದರೂ ಸಾಕು, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಅರ್ಧಕ್ಕೆ ಕಡಿಮೆ ಇಲ್ಲದಂತೆ ಮಹಿಳಾ ಸದಸ್ಯರು, ಹೊರಗಿನ ಒಬ್ಬ ಸದಸ್ಯರು. ದೂರಿಗೆ ಮೂರು ತಿಂಗಳ ಅವಧಿ, ವಿಚಾರಣೆಗೆ 90 ದಿನ. ಸಮಿತಿಯ ಹೆಸರುಗಳನ್ನು ಆಫೀಸಿನ ಗೋಡೆಗಲ್ಲ, ಮಹಿಳೆಯರು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂಟಿಸಿ. ನೋಡುತ್ತಿದ್ದಾರೆಂಬ ಅಂಜಿಕೆಯಿಲ್ಲದೆ ಓದಲು ಅಲ್ಲಿ ಮಾತ್ರ ಸಾಧ್ಯ.

ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. 50 ಜನರಿರುವಲ್ಲಿ ಶಿಶುಗೃಹ. ರಾತ್ರಿ ಪಾಳಿಗೆ ಹಾಕುವುದಾದರೆ ಅವರ ಒಪ್ಪಿಗೆ ಬರಹದಲ್ಲಿ, ಮನೆಬಾಗಿಲವರೆಗೆ ವಾಹನ, ದಾರಿಯಲ್ಲಿ ಬೆಳಕು. ಒಪ್ಪದವರ ಮೇಲೆ ಮುನಿಸು ತೋರಬಾರದು.

ಹಂತ 10: ಅಪಘಾತವಾದಾಗ

ಮೊದಲು ಚಿಕಿತ್ಸೆ, ಕಾಗದ ಆಮೇಲೆ. ಇಎಸ್‌ಐ ಸಂಖ್ಯೆ ಎಲ್ಲರ ಗುರುತಿನ ಚೀಟಿಯ ಹಿಂದೆಯೇ ಅಚ್ಚಾಗಿರಲಿ, ರಾತ್ರಿ ಎರಡು ಗಂಟೆಗೆ ಕಡತ ಹುಡುಕುವ ಹೊತ್ತು ಇರುವುದಿಲ್ಲ. 24 ಗಂಟೆಯೊಳಗೆ ಇಎಸ್‌ಐ ಪೋರ್ಟಲ್‌ನಲ್ಲಿ ಅಪಘಾತ ವರದಿ ಹೋಗಬೇಕು. ಅದರಲ್ಲಿ ಹೊತ್ತು, ಮಷೀನು, ಮಾಡುತ್ತಿದ್ದ ಕೆಲಸ ಅಪಘಾತ ಪುಸ್ತಕದ ಬರಹಕ್ಕೆ ಹೊಂದಬೇಕು. ಕೆಲಸದ ಗಾಯಕ್ಕೆ ವೇತನದ ಶೇ. 90ರಷ್ಟು, ಸಾಮಾನ್ಯ ಕಾಯಿಲೆಗೆ ಶೇ. 70ರಷ್ಟು ನಗದು ಸೌಲಭ್ಯ ಇದೆ. "ಮನೆಯಲ್ಲಿ ಬಿದ್ದಿದ್ದು ಅಂತ ಬರೆಸೋಣ" ಎಂಬ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ. ಗಾಯಗೊಂಡವರ ಬೆರಳು ಶಾಶ್ವತವಾಗಿ ಹೋಗಿದ್ದರೆ ಆಜೀವ ಸಿಗಬೇಕಾದ ಹಣವನ್ನು ಆ ಒಂದು ಸುಳ್ಳು ಸಾಲು ಕಸಿದುಕೊಳ್ಳುತ್ತದೆ.

ಹಂತ 11: ಬಿಟ್ಟು ಹೋಗುವಾಗ

ರಾಜೀನಾಮೆಯೋ ವಜಾವೋ, ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ತಿಂಗಳ ಪಗಾರದ ಜೊತೆ ನೋಡೋಣ ಎನ್ನುವ ಕಾಲ ಹೋಯಿತು. ಅದಕ್ಕೆ ನೋ ಡ್ಯೂಸ್ (ಏನೂ ಬಾಕಿಯಿಲ್ಲ ಎಂಬ) ಚೀಟಿ ಕೊನೆಯ ದಿನಕ್ಕೆ ಮೊದಲೇ ತಿರುಗಾಡಬೇಕು: ಟೂಲ್ ರೂಮ್, ಸ್ಟೋರ್, ಕ್ಯಾಂಟೀನ್, ಅಡ್ವಾನ್ಸ್.

ಲೆಕ್ಕದಲ್ಲಿ ದುಡಿದ ದಿನಗಳು, ಓಟಿ, ಉಳಿದ ಗಳಿಕೆ ರಜೆ, ಆ ವರ್ಷದ ಬೋನಸ್ ಪಾಲು ಬರಬೇಕು. ಬೋನಸ್‌ಗೆ ವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕು, ಮಧ್ಯದಲ್ಲಿ ಬಿಟ್ಟವರಿಗೂ ಹಕ್ಕಿದೆ. ಇದನ್ನು ನುಂಗಿಬಿಡುವುದು ಬಹಳ ಕಡೆ ಕಾಣುತ್ತದೆ. ಗ್ರಾಚ್ಯುಟಿಗೆ ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆರು ತಿಂಗಳು ಮೀರಿದ ಭಾಗ ಪೂರ್ಣ ವರ್ಷವಾಗುತ್ತದೆ. 15,000 ರೂ. ವೇತನ, 12 ವರ್ಷ 7 ತಿಂಗಳ ಸೇವೆಗೆ 13 ವರ್ಷ ಹಿಡಿದು 1,12,500 ರೂ. ಕೊಡಲು 30 ದಿನದ ಗಡುವು.

ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ದಿನಾಂಕ ಮತ್ತು ಕಾರಣ ತುಂಬಿದ ಮೇಲೆ ಮಾತ್ರ ಕೆಲಸ ಮುಗಿಯಿತು. ದಿನಾಂಕ ಹಾಕದೆ ಬಿಟ್ಟರೆ ಅವರ ಹಣ ಹೊಸ ಕಂಪನಿಗೆ ವರ್ಗವಾಗದೆ ಸಿಕ್ಕಿಕೊಳ್ಳುತ್ತದೆ. ಕೊನೆಯ ತಿಂಗಳ ವಂತಿಗೆ ಕಟ್ಟಿದ ಮೇಲೆ, ಹಾಜರಿಯಲ್ಲಿರುವ ಕೊನೆಯ ದಿನವನ್ನೇ ಹಾಕಿ. ಸೇವಾ ಪ್ರಮಾಣಪತ್ರದಲ್ಲೂ ಅದೇ ದಿನ ಇರಲಿ, ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಪ್ರಮಾಣಪತ್ರ, ಲೆಕ್ಕದ ಪ್ರತಿ, ಪಗಾರ ಚೀಟಿಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಅವರ ಕೈಗೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ ತೆಗೆದುಕೊಳ್ಳಿ.